ಒಂದೇ ಹಗ್ಗ

ಮಕ್ಕಳಲ್ಲಿ ಹಗೆ ಹುಟ್ಟಲು ಹಳೆಯ ಕಾರಣವೇ ಬೇಕಿಲ್ಲ. ಹಿರಿಯರು ಹೂಡಿದ ಪಂದ್ಯವೇ ಸಾಕು. 1954ರ ಬೇಸಿಗೆಯಲ್ಲಿ ಅಮೆರಿಕದ ಒಕ್ಲಹೋಮಾ ರಾಜ್ಯದ ಶಿಬಿರವೊಂದರಲ್ಲಿ ಮನೋವಿಜ್ಞಾನಿ ಮುಜಫರ್ ಶೆರಿಫ್ ಮತ್ತು ಸಂಗಡಿಗರು, ಪರಸ್ಪರ ಪರಿಚಯವಿಲ್ಲದ 22 ಬಾಲಕರನ್ನು ಎರಡು ಪಂಗಡ ಮಾಡಿ, ಹಗ್ಗಜಗ್ಗಾಟ ಮೊದಲಾದ ಪಂದ್ಯಗಳನ್ನೇರ್ಪಡಿಸಿದರು. ಬಹುಮಾನದಾಸೆ ಬೈಗುಳಕ್ಕಿಳಿಯಿತು, ಎದುರಾಳಿಗಳ ಬಾವುಟವನ್ನು ಸುಡುವವರೆಗೂ ವೈರ ಬೆಳೆಯಿತು. ಒಟ್ಟಿಗೆ ಊಟಕ್ಕೆ ಕೂರಿಸಿದರೆ ತಿನಿಸನ್ನೇ ಎಸೆದಾಡಿದರು. ಆದರೆ ಊಟ ತರಬೇಕಾದ ಲಾರಿ ಕೆಟ್ಟಿತೆಂದಾಗ ಎರಡೂ ಪಂಗಡಗಳು ಸೇರಿ ಎಳೆದವು. ಹಿಡಿದದ್ದು ಹಗ್ಗಜಗ್ಗಾಟದ ಅದೇ ಹಗ್ಗ! ಇಂತಹ ಕೆಲಸಗಳು ಒಂದರ ಮೇಲೊಂದು ಒದಗಿದಂತೆ ಮುನಿಸು ಕರಗಿತು. ಸಹಪಂಕ್ತಿಯೊಂದೇ ಮನಸ್ಸುಗಳನ್ನು ಬೆಸೆಯಲಾರದು. ಅದರೊಡನೆ ಸಹಕಾಯಕವೂ ಬೇಕು. ಪ್ರಸಾದನಿಲಯದಲ್ಲಿ ಪರಸ್ಪರ ಮುಖ ತಿರುಗಿಸುವ ಬಾಲಕರಿಗೆ ಬುದ್ಧಿವಾದ ಹೇಳುವ ಮೊದಲು, ಇಬ್ಬರೂ ಕೈಹಚ್ಚದೆ ಮೇಲೇಳದ ನೀರಿನ ಹಂಡೆಯೊಂದನ್ನು ತೋರಿಸುವುದು ಲೇಸು.