ಭಾಗವಾಗದ ಸಂಖ್ಯೆ

ನನ್ನ ತವರು ಶಿಕಾರಿಪುರ, ಸೇರಿದ ಮನೆ ಸೊರಬ. ಎರಡೂರುಗಳ ನಡುವೆ ನಮ್ಮವರು ಬರೆದ ಕಾಗದಗಳು ಒಂದು ಟ್ರಂಕು ತುಂಬ ಇವೆ. ಹಳೆಯವುಗಳ ಮೇಲೆ ಊರಿನ ಹೆಸರು ಮಾತ್ರ. ೧೯೭೨ರ ಆಗಸ್ಟ್ ೧೫ರಂದು ಪಿನ್‌ಕೋಡ್ ಜಾರಿಗೆ ಬಂದ ಅನಂತರ ಕ್ರಮೇಣ ಆರಂಕಿಯ ಸಂಖ್ಯೆಯೂ ಸೇರಿತು. ಶಿಕಾರಿಪುರಕ್ಕೆ ೫೭೭೪೨೭, ಸೊರಬಕ್ಕೆ ೫೭೭೪೨೯. ನಡುವಣ ೫೭೭೪೨೮ ಶಿರಾಳಕೊಪ್ಪದ್ದು. ದಾರಿಯಲ್ಲಿಯೂ ಆ ಊರು ನಡುವೆಯೇ ಸಿಕ್ಕುತ್ತದೆ. ಮೊದಲ ಮೂರು ಅಂಕಿಗಳು ಕಾಗದಗಳನ್ನು ವಿಂಗಡಿಸುವ ವಲಯವನ್ನೂ, ಕೊನೆಯ ಮೂರು ಅಂಚೆಮನೆಯನ್ನೂ ತಿಳಿಸುತ್ತವೆ. ಇಲಾಖೆಗೆ ಅಷ್ಟು ಸಾಕು.

ಅಪ್ಪನವರು ತೀರಿಕೊಂಡ ಮರುವರ್ಷ ತಮ್ಮಂದಿರು ತವರುಮನೆಯನ್ನು ಮೂರು ಭಾಗ ಮಾಡಿಕೊಂಡರು. ಜಗಲಿಯ ನಡುವೆ ಗೋಡೆ ಎದ್ದಿತು. ಆ ದಿನಗಳಲ್ಲಿ, ಮನಸ್ಸಿಗೆ ಬೇರೊಂದು ಕೆಲಸ ಬೇಕೆಂದು, ಲಕೋಟೆಗಳ ಮೇಲಿನ ಈ ಸಂಖ್ಯೆಗಳನ್ನು ಭಾಗಿಸತೊಡಗಿದೆ. ಅಪ್ಪ ಕಲಿಸಿದ ಭಾಗಾಕಾರ ಮರೆತಿರಲಿಲ್ಲ.

ಶಿರಾಳಕೊಪ್ಪದ್ದು ಸಮಸಂಖ್ಯೆ, ಹನ್ನೆರಡರಿಂದ ಸಲೀಸಾಗಿ ಭಾಗವಾಗಿ ೪೮೧೧೯ನ್ನು ಕೊಟ್ಟಿತು. ಸೊರಬದ್ದು ಹದಿನೇಳರವರೆಗೂ ಬಗ್ಗದೆ, ಹತ್ತೊಂಬತ್ತಕ್ಕೆ ಸೋತು, ೧೯ × ೩೦೩೯೧ ಎಂದು ಒಡೆಯಿತು. ಶಿಕಾರಿಪುರದ್ದು ಮಾತ್ರ ಯಾವುದಕ್ಕೂ ಜಗ್ಗಲಿಲ್ಲ. ಮೂರರಿಂದ ಭಾಗಿಸಿದಾಗ ಎರಡು ಉಳಿಯಿತು.

ಎಲ್ಲಿಯವರೆಗೆ ಪ್ರಯತ್ನಿಸಬೇಕು? ಒಂದು ಸಂಖ್ಯೆ ಎರಡು ಅಪವರ್ತನಗಳಾಗಿ ಒಡೆಯುವುದಾದರೆ, ಅವುಗಳಲ್ಲೊಂದು ಅದರ ವರ್ಗಮೂಲವನ್ನು ಮೀರಲಾರದು. ೭೬೦ರ ವರ್ಗ ೫೭೭೬೦೦. ನಮ್ಮ ಸಂಖ್ಯೆಗಿಂತ ಅದು ದೊಡ್ಡದು. ಆದುದರಿಂದ ೭೬೦ಕ್ಕಿಂತ ಕಡಮೆಯಿರುವ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು. ಎರಡರಿಂದ ೭೫೭ರವರೆಗೆ ಅವು ಒಟ್ಟು ೧೩೪. ನಾಲ್ಕು ಮಧ್ಯಾಹ್ನಗಳು ಹಿಡಿದುವು. ೬೧ರಲ್ಲಿ ಶೇಷ ಒಂದೇ ಒಂದು. ೧೫೧ರಲ್ಲಿಯೂ ೨೩೯ರಲ್ಲಿಯೂ ಮೂರು. ಸೊನ್ನೆ ಮಾತ್ರ ಎಲ್ಲಿಯೂ ಬರಲಿಲ್ಲ. ೫೭೭೪೨೭ ಅವಿಭಾಜ್ಯ, ಒಂದನ್ನೂ ತನ್ನನ್ನೂ ಬಿಟ್ಟು ಬೇರಾವುದರಿಂದಲೂ ಅದು ಭಾಗವಾಗದು.

ಇದೇನು ಹುಚ್ಚು ಎಂದು ಓದುಗರು ನಗಬಹುದು. ಆದರೆ ಸಂಖ್ಯೆಗಳಿಗೆ ಮನಸೋಲುವುದು ಕನ್ನಡನಾಡಿಗೆ ಹೊಸತಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ೨೭೯೯೪೬೮೧ನ್ನು ೪೪೧ರಿಂದ ಗುಣಿಸುವ ಲೆಕ್ಕವನ್ನಿತ್ತಿದ್ದಾರೆ. ಉತ್ತರ ೧೨೩೪೫೬೫೪೩೨೧. ಯಾವ ತುದಿಯಿಂದ ಓದಿದರೂ ಒಂದೇ, ಕೊರಳ ಹಾರದಂತೆ.

ನಮ್ಮೂರಿಗೆ ಈ ಸಂಖ್ಯೆಯನ್ನು ಕೊಟ್ಟುದು ಸರಕಾರ. ನಾಳೆ ಬದಲಿಸಲೂಬಹುದು. ಆದರೆ ಅದರ ಅವಿಭಾಜ್ಯತೆ ಯಾವ ಇಲಾಖೆಯೂ ಕೊಟ್ಟುದಲ್ಲ. ಕಾಗದ, ಪೆನ್ಸಿಲು, ತಾಳ್ಮೆ ಇರುವ ಯಾರಾದರೂ ಪರೀಕ್ಷಿಸಿ ನೋಡಬಹುದು. ಅದಕ್ಕೂ ನಮ್ಮ ಮನೆಯ ಪಾಲಿಗೂ ಸಂಬಂಧವಿಲ್ಲವೆಂಬುದನ್ನು ಬಲ್ಲೆ. ಆದರೂ ದೀಪಾವಳಿಗೆ ತಮ್ಮಂದಿರಿಗೆ ಕಾಗದ ಬರೆಯುವಾಗ, ಮೂರು ಲಕೋಟೆಗಳ ಮೇಲೂ ಅದೊಂದೇ ಸಂಖ್ಯೆಯನ್ನು ಬರೆಯುವುದು ನನಗೆ ಸಮಾಧಾನ.