ದಂಡು ಕೈ ಬದಲಾದ ಸಂಜೆ

1947ರ ಜುಲೈ 26, ಶನಿವಾರ. ನಿಮಗೆ ಗುಮಾಸ್ತನ ಕರಿಕೋಟು ತೊಡಿಸುತ್ತೇನೆ. ಹಲಸೂರಿನಲ್ಲೊಂದು ಬಾಡಿಗೆ ಮನೆ, ಕಮರ್ಷಿಯಲ್ ಸ್ಟ್ರೀಟಿನ ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಕೊಡುತ್ತೇನೆ. ಬನ್ನಿ, ಅಂಗಡಿ ಬಾಗಿಲು ಹಾಕಿದೆ. ರಸೆಲ್ ಮಾರ್ಕೆಟ್ಟಿನ ಕಡೆ ನಡೆಯುತ್ತಿದ್ದೀರಿ. ಜಿನುಗು ಮಳೆಗೆ ನೆನೆದ ಕೋಟು ಮುಗ್ಗಲು ವಾಸನೆ ಬಿಡುತ್ತಿದೆ. ಜಟಕಾಗಳು ನಿಲ್ಲುವಲ್ಲಿ ಲದ್ದಿ, ಒದ್ದೆ ಹುಲ್ಲು. ನಾಲ್ಕು ಹೆಜ್ಜೆ ದಾಟಿದರೆ ಕಾದ ಎಣ್ಣೆ, ಈರುಳ್ಳಿ, ಪುದೀನ. ರಂಜಾನ್ ಶುರುವಾಗಿ ವಾರವಾಗಿದೆ. ತಟ್ಟೆಗಳು ತುಂಬಿವೆ, ಒಬ್ಬರ ಕೈಯೂ ಮುಂದೆ ಹೋಗಿಲ್ಲ. ಬೀದಿಗೆ ಬೀದಿಯೇ ಆಜಾನಿಗೆ ಕಿವಿಗೊಟ್ಟು ಕೂತಿದೆ.

ನಿಮ್ಮ ಹೊಟ್ಟೆಯೂ ಚುರುಗುಟ್ಟುತ್ತಿದೆ. ಹಸಿವೊಂದೇ ಅಲ್ಲ. ಬೆಳಿಗ್ಗೆಯಿಂದ ಕಿವಿಗೆ ಬೀಳುತ್ತಿರುವುದು ಒಂದೇ ಮಾತು: ಇವತ್ತಿಂದ ದಂಡು ಮೈಸೂರಿಗೆ.

ಬ್ರಿಟಿಷರು ಬೆಂಗಳೂರಿನಲ್ಲಿ ದಂಡು, ಅಂದರೆ ಕಂಟೋನ್ಮೆಂಟ್, ಕಟ್ಟಿದ್ದು 1809ರಲ್ಲಿ. 1831ರಲ್ಲಿ ಇಡೀ ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡರು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಒಪ್ಪಿಸುವಾಗ ಈ ತುಂಡನ್ನು ಮಾತ್ರ ತಮ್ಮಲ್ಲೇ ಉಳಿಸಿಕೊಂಡರು. ಹೀಗಾಗಿ ನೀವು ಹುಟ್ಟಿ ಬೆಳೆದದ್ದು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನಲ್ಲಿ. ಇಲ್ಲಿ ಕೋರ್ಟು ಬೇರೆ, ಪೊಲೀಸು ಬೇರೆ, ಮುನಿಸಿಪಾಲಿಟಿ ಬೇರೆ, ಎಲ್ಲರ ತಲೆಯ ಮೇಲೆ ರೆಸಿಡೆಂಟ್ ಸಾಹೇಬರು. ಚಿಕ್ಕಪೇಟೆಯಲ್ಲಿರುವ ನಿಮ್ಮಣ್ಣ ಮಹಾರಾಜರ ಪ್ರಜೆ. ಹಬ್ಬಕ್ಕೆ ಅವನ ಮನೆಗೆ ಹೋದಾಗಲೆಲ್ಲ ನೀವು ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ನಡೆದು ಹೋಗಿದ್ದೀರಿ.

"ಬನ್ನಿ ಗುಮಾಸ್ತರೇ, ನಿಮಗೇ ಕಾಯ್ತಿದ್ವಿ."

ಟೀ ಅಂಗಡಿಯ ಸಾಬರು ಬೆಂಚಿನ ಮೇಲೆ ಜಾಗ ಮಾಡುತ್ತಾರೆ. ಮೇಜಿನ ಮೇಲೆ ಬಿಳಿ ಹಾಳೆ, ಮಸಿ ದವತಿ, ಲೇಖನಿ. ಅರ್ಜಿ ಬರೆಯಬೇಕಂತೆ. ಇಂಗ್ಲಿಷೂ ಕನ್ನಡವೂ ಎರಡೂ ಬಲ್ಲವರು ಈ ಗುಂಪಿನಲ್ಲಿ ನೀವೊಬ್ಬರೇ.

"ತಂಬಿ, ಸಿಲ್ಹೆಟ್ ಜನರನ್ನು ಕೇಳಿದರು. ಪೆಷಾವರದವರನ್ನೂ ಕೇಳಿದರು. ನಮ್ಮನ್ನು ಯಾರು ಕೇಳಿದರು?" ಬೆಂಚಿನ ಮೇಲಿರುವ ಮೊದಲಿಯಾರರ ದನಿ ತಗ್ಗಿದೆ, ಬೆರಳು ಮಾತ್ರ ಮೇಜು ಕುಟ್ಟುತ್ತಿದೆ.

ಆ ಅಂಕಿಗಳನ್ನು ನೀವೂ ಪತ್ರಿಕೆಯಲ್ಲಿ ಓದಿದ್ದೀರಿ. ಇದೇ ತಿಂಗಳ 6 ಮತ್ತು 7ರಂದು ಸಿಲ್ಹೆಟ್‌ನಲ್ಲಿ ಜನಮತಗಣನೆ ನಡೆಯಿತು. ಪೂರ್ವ ಬಂಗಾಳಕ್ಕೆ ಸೇರಲು 2,39,619 ಮತ, ಅಸ್ಸಾಮಿನಲ್ಲೇ ಉಳಿಯಲು 1,84,041. ಪೆಷಾವರವಿರುವ ವಾಯವ್ಯ ಗಡಿ ಪ್ರಾಂತ್ಯದಲ್ಲಿ ಪಾಕಿಸ್ತಾನಕ್ಕೆ 2,89,244, ಭಾರತಕ್ಕೆ ಬರೀ 2,874. ಅಲ್ಲಿನ ಪಠಾಣರ ಸಂಘಟನೆಯಾದ ಖುದಾಯಿ ಖಿದ್ಮತ್‌ಗಾರರು ಮತ ಹಾಕಲೇ ಇಲ್ಲ, ತಮಗೆ ಬೇಕಾದ ಪ್ರಶ್ನೆಯನ್ನೇ ಕೇಳಿಲ್ಲವೆಂದು. ಪಾಕಿಸ್ತಾನದ ಹೆಸರು ಬಾಯಿಗೆ ಬಂದದ್ದೇ ತಡ, ಬೆಂಚಿನ ಮೇಲಿದ್ದವರ ಉಸಿರು ಬಿಗಿಯುತ್ತದೆ. ಪಂಜಾಬಿನ ಗಲಭೆಯ ಸುದ್ದಿ ಎಲ್ಲರಿಗೂ ತಲುಪಿದೆ. ಸಾಬರು ತಟ್ಟೆಯಲ್ಲಿನ ಖರ್ಜೂರಗಳನ್ನು ಸುಮ್ಮನೆ ಎತ್ತಿ ಮತ್ತೆ ಜೋಡಿಸುತ್ತಾರೆ.

"ಕೇಳೋದೇನಿದೆ?" ಖಾದಿ ಅಂಗಿಯ ಹುಡುಗ ಎದ್ದು ನಿಲ್ಲುತ್ತಾನೆ. "ಬಿಳಿಯರು ಇಟ್ಟುಕೊಂಡಿದ್ದು ವಾಪಸ್ ಬಂತು. ಅಷ್ಟೇ."

"ಬಂದಿದ್ದು ಯಾರ ಕೈಗಪ್ಪಾ? ನಿಮ್ಮ ಮೈಸೂರಲ್ಲಿ ದಿವಾನರನ್ನು ಆರಿಸೋರು ಜನವೋ, ಮಹಾರಾಜರೋ?"

ಹುಡುಗನಿಗೆ ಉತ್ತರ ಹೊರಡುವುದಿಲ್ಲ. ಜವಾಬ್ದಾರಿ ಸರ್ಕಾರ ಬೇಕೆಂದು ಅವನೇ ಬೀದಿಯಲ್ಲಿ ಕೂಗುತ್ತಿದ್ದಾನೆ.

ಬಾಗಿಲಲ್ಲಿ ಬುಟ್ಟಿ ಇಳಿಸಿ ನಿಂತ ಸೊಪ್ಪಿನ ಹೆಂಗಸಿನ ಪ್ರಶ್ನೆಯೇ ಬೇರೆ. "ಸಾಮಿ, ಅಕ್ಕಿ ಕಾರ್ಡು ಹಳೇದೇ ನಡೀತದಾ?" ರೈಲ್ವೆ ಗಾರ್ಡಿಗೆ ಮಕ್ಕಳ ಶಾಲೆಯ ಚಿಂತೆ. ಕನ್ನಡ ಓದಲು ಬಾರದ ಮೊದಲಿಯಾರರಿಗೆ ನಾಳೆ ಕಚೇರಿಯಿಂದ ಬರುವ ಕಾಗದದ ಚಿಂತೆ. ಕನ್ನಡವೇ ಮನೆಮಾತಾದ ನಿಮಗೆ ಈ ಭಯ ಮೊದಲು ಅರ್ಥವಾಗುವುದಿಲ್ಲ. ಅವರ ಮುಖ ನೋಡಿದ ಮೇಲೆ ಆಗುತ್ತದೆ.

ಆಜಾನ್. ಖರ್ಜೂರ, ನೀರು, ಗಂಜಿ. ಸಾಬರು ನಿಮ್ಮ ಕೈಗೂ ಒಂದು ಸಮೋಸ ಇಡುತ್ತಾರೆ. ನಾಲಿಗೆ ಸುಡುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಸ್ವಲ್ಪ ಹೊತ್ತು ಯಾರಿಗೂ ಯಾವ ಸರ್ಕಾರವೂ ನೆನಪಿಲ್ಲ.

ಆಮೇಲೆ ಲೇಖನಿ ನಿಮ್ಮ ಮುಂದೆ ಸರಿಯುತ್ತದೆ. ಪೆನ್ಸಿಲಿನಲ್ಲಿ ಯಾರೋ ಕರಡು ಮಾಡಿದ್ದಾರೆ. ಮೊದಲ ಸಾಲೇ ಎದೆಗೆ ಹೊಡೆಯುತ್ತದೆ: ಈ ಸೇರ್ಪಡೆಯನ್ನು ನಾವು ವಿರೋಧಿಸುತ್ತೇವೆ.

ನೀವು ವಿರೋಧಿಸುವುದಿಲ್ಲ. ಸೇರುವುದೇ ಸರಿ ಎಂದು ನಂಬಿದವರು ನೀವು. ಆದರೆ ಎದುರಿಗಿರುವವರು ನಿಮ್ಮ ಮಗುವಿಗೆ ಜ್ವರ ಬಂದ ರಾತ್ರಿ ಜಟಕಾ ಹುಡುಕಿ ತಂದವರು. ಸಹಿ ಹಾಕಿದರೆ? ಅಪ್ಪನ ಮನೆ ವ್ಯಾಜ್ಯ ಇಲ್ಲಿನ ಕೋರ್ಟಿನಲ್ಲೇ ಇದೆ, ಕಡತ ನಾಳೆ ಯಾರ ಕೈಗೋ. ಹಾಕದಿದ್ದರೆ? ನಾಳೆ ಈ ಬೀದಿಯಲ್ಲೇ ನಡೆಯಬೇಕು. ಅಂಗೈ ಬೆವರುತ್ತದೆ. ಲೇಖನಿ ಜಾರುತ್ತದೆ. ಹಿಂದಿನಿಂದ ಒಬ್ಬ "ಬರೀರಿ" ಅನ್ನುತ್ತಾನೆ, ಹುಡುಗ "ಬೇಡಿ" ಅನ್ನುತ್ತಾನೆ. ನೀವು ಆ ಸಾಲನ್ನು ಹೊಡೆದು ಹಾಕುತ್ತೀರಿ. ಗದ್ದಲ. ಯಾರೋ ನಿಮ್ಮ ಮಣಿಕಟ್ಟು ಹಿಡಿಯುತ್ತಾರೆ. ದವತಿ ಉರುಳುತ್ತದೆ, ಮಸಿ ಮೇಜಿನ ಅಂಚಿಗೆ ಹರಿಯುತ್ತದೆ.

"ಒಂದು ನಿಮಿಷ," ಎನ್ನುತ್ತೀರಿ. ಗಂಟಲು ಒಣಗಿದೆ. "ಬೇಕು ಅಂತಲೂ ಬೇಡ, ಬೇಡ ಅಂತಲೂ ಬೇಡ. ನಮ್ಮನ್ನು ಕೇಳಿ ಅಂತ ಬರೆಯೋಣ. ಕೇಳಿದಾಗ ನಾನು ಹೂಂ ಅಂತೀನಿ, ಮೊದಲಿಯಾರರು ಉಹೂಂ ಅನ್ನಲಿ."

ಮಣಿಕಟ್ಟಿನ ಮೇಲಿನ ಹಿಡಿತ ಸಡಿಲುತ್ತದೆ.

ಆದರೆ ಅರ್ಜಿ ಯಾರಿಗೆ? ರೆಸಿಡೆಂಟರ ಅಧಿಕಾರ ಇವತ್ತಿಗೆ ಮುಗಿಯಿತು. ಹೊಸ ಅಧಿಕಾರಿಯ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ. "ಮುನಿಸಿಪಾಲಿಟಿಗೆ," ಎನ್ನುತ್ತಾರೆ ಸಾಬರು. ಗಾರ್ಡ್ ತಲೆಯಾಡಿಸುತ್ತಾರೆ: ಚರಂಡಿ, ಬೀದಿದೀಪ, ಮಾರ್ಕೆಟ್ ಬಾಡಿಗೆ ಬಿಟ್ಟರೆ ಅವರ ಕೈಯಲ್ಲಿ ಏನಿದೆ? ಗಾರ್ಡ್ ಹೇಳುವುದು ನಿಜ. ಸಾಬರು ಹೇಳುವುದು ಅದಕ್ಕಿಂತ ನಿಜ ಎಂದು ನಾನು ನಂಬುತ್ತೇನೆ. ಊರಿನವರು ಎದ್ದು ನಿಂತು ತಮ್ಮ ಮಾತನ್ನು ನಡಾವಳಿಯಲ್ಲಿ ಬರೆಸಬಹುದಾದ ಕೋಣೆ ಅದೊಂದೇ.

ಮುಂದೆ ಆಗುವುದು ನಿಮಗೆ ತಿಳಿಯದು, ನನಗೆ ತಿಳಿದಿದೆ. 1948ರ ಫೆಬ್ರವರಿ 20ರಂದು ಜುನಾಗಢ ಸಂಸ್ಥಾನದ ಜನರನ್ನು ಕೇಳುತ್ತಾರೆ: ಬಿದ್ದ 1,90,870 ಮತಗಳಲ್ಲಿ ಪಾಕಿಸ್ತಾನಕ್ಕೆ ಬರೀ 91. ದಂಡನ್ನು ಕೇಳುವುದಿಲ್ಲ. 1949ರಲ್ಲಿ ದಂಡಿನ ಮುನಿಸಿಪಾಲಿಟಿ ಸಿಟಿಯದರೊಂದಿಗೆ ಸೇರಿ ಒಂದೇ ಕಾರ್ಪೊರೇಷನ್ ಆಗುತ್ತದೆ. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ, 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದು ಸಭಾಂಗಣ ಖಾಲಿಯಾಗುತ್ತದೆ. ಅದು ಖಾಲಿಯಿದ್ದಾಗಲೇ, 2025ರಲ್ಲಿ, ಊರನ್ನು ಐದು ಪಾಲಿಕೆಗಳಾಗಿ ಹಂಚುತ್ತಾರೆ. ಶಿವಾಜಿನಗರ ಒಂದಕ್ಕೆ, ಕೆ.ಆರ್. ಪುರ ಇನ್ನೊಂದಕ್ಕೆ. ನನಗೆ ಇದು ನೋಯುತ್ತದೆ.

ಈಗ ಬರೆಯಿರಿ. ಈ ವಿಷಯವನ್ನು ಸಭೆಯ ಮುಂದಿಡಬೇಕು, ಪ್ರತಿ ವಾರ್ಡಿನ ನಿವಾಸಿಗಳ ಅಭಿಪ್ರಾಯ ಪಡೆಯಬೇಕು, ಅದನ್ನು ನಡಾವಳಿಯಲ್ಲಿ ದಾಖಲಿಸಬೇಕು. ಇಂಗ್ಲಿಷಿನಲ್ಲಿ ಬರೆದು ಕೆಳಗೆ ಕನ್ನಡದಲ್ಲೂ ಬರೆಯುತ್ತೀರಿ. ಸಾಬರು ಉರ್ದುವಿನಲ್ಲಿ, ಮೊದಲಿಯಾರರು ತಮಿಳಿನಲ್ಲಿ ಸಹಿ ಹಾಕುತ್ತಾರೆ. ಖಾದಿ ಹುಡುಗ ಎರಡು ಸಲ ಓದಿ ಲೇಖನಿ ಕೇಳುತ್ತಾನೆ. ಸೊಪ್ಪಿನ ಹೆಂಗಸು ಚೆಲ್ಲಿದ ಮಸಿಗೇ ಹೆಬ್ಬೆರಳು ಅದ್ದಿ ಒತ್ತುತ್ತಾಳೆ.

"ಸೋಮವಾರ ಕೊಡೋಕೆ ಹೋಗುವಾಗ ನಾನೂ ಬರಬೇಕಾ ಸಾಮಿ?"

"ಬಾಮ್ಮ. ಅಕ್ಕಿ ಕಾರ್ಡಿನ ವಿಷಯ ನೀನೇ ಕೇಳು."