ಬಾಲಬೋಧೆಯ ಕೆಲವು ಸಾಧನಗಳು

ಸಂಪಾದಕ ಮಂಡಲಿಯವರು ಈ ಸಂಪುಟಕ್ಕಾಗಿ ನನ್ನಿಂದ ಬಯಸಿದ್ದು ಹಳಗನ್ನಡ ಕಾವ್ಯವನ್ನು ಕುರಿತ ಲೇಖನ. ಛಂದಸ್ಸು, ಅಲಂಕಾರ, ವ್ಯಾಕರಣಗಳನ್ನು ಗುರುಮುಖದಿಂದ ಓದಿ ವಿದ್ವತ್ ಪರೀಕ್ಷೆಗೆ ಕುಳಿತವನಿಂದ ಅದನ್ನು ನಿರೀಕ್ಷಿಸುವುದು ಸಹಜವೇ. ಆದರೆ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವನ ಫಲಾಫಲಗಳು ನಿರ್ಧಾರವಾಗುವುದು ಒಂದನೆಯ ತರಗತಿಯ ನೆಲದ ಮೇಲೆ. ಅಲ್ಲಿ ಕೈಗೆ ಹತ್ತದ ಅಕ್ಷರವನ್ನು ಎಂಟನೆಯ ತರಗತಿಯಲ್ಲಿ ಹತ್ತಿಸುವ ಕಷ್ಟವನ್ನು ಬಲ್ಲೆನಾದುದರಿಂದ, ಬಿಡುವು ದೊರೆತಾಗಲೆಲ್ಲ ಚಿಕ್ಕ ಮಕ್ಕಳ ಕೋಣೆಗೆ ಹೋಗಿ ಕೂಡುವ ರೂಢಿಯನ್ನು ಹಲವು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರೂ ಊರುಗಳಲ್ಲಿ ನಾನು ಕಂಡ, ಕೆಲವನ್ನು ಕೈಯಾರೆ ಮಾಡಿ ನೋಡಿದ ಸಾಧನಗಳನ್ನು ಇಲ್ಲಿ ನಿವೇದಿಸುತ್ತೇನೆ. ಕಾವ್ಯಾಸಕ್ತರು ಕ್ಷಮಿಸಬೇಕು.

ಮೊದಲು ಮರಳು. ವರದೆಯ ದಂಡೆಯ ಮರಳನ್ನು ಜರಡಿ ಹಿಡಿದು, ಅಂಚು ಕಟ್ಟಿದ ಹಲಗೆಯ ಮೇಲೆ ಬೆರಳುದಪ್ಪ ಹರವಿದರೆ ಸಾಕು, ಸಾಧನ ಸಿದ್ಧ. ಕೂಸಿನ ಬೆರಳು ಅದರಲ್ಲಿ ನಿಧಾನವಾಗಿಯೇ ಚಲಿಸಬೇಕಾಗುತ್ತದೆ. ಆ ನಿಧಾನದಲ್ಲಿ ಅಕ್ಷರದ ತಿರುವು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ. ಇದು ನಮ್ಮ ನಾಡಿನ ಹಳೆಯ ಜಗುಲಿಶಾಲೆಗಳ ಸಂಪತ್ತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದ್ರಾಸಿನ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ಇಲ್ಲಿಯ ಮಕ್ಕಳು ಮರಳಿನಲ್ಲಿ ಬರೆದು ಕಲಿಯುವುದನ್ನು ಕಂಡು, ತನ್ನ ಶಾಲೆಯಲ್ಲಿ ಅದನ್ನು ಬಳಕೆಗೆ ತಂದನು. ೧೭೯೭ರಲ್ಲಿ ಲಂಡನ್ನಿನಲ್ಲಿ ಅದರ ವರದಿಯನ್ನೂ ಪ್ರಕಟಿಸಿದನು. ಬಲ್ಲ ಹುಡುಗ ಅರಿಯದ ಹುಡುಗನಿಗೆ ಕಲಿಸುವ ಕ್ರಮವೂ ಅದರೊಡನೆ ಸೇರಿ ಅಲ್ಲಿ 'ಮದ್ರಾಸ್ ಪದ್ಧತಿ' ಎಂದೇ ಹೆಸರಾಯಿತು. ಈಗ ಅದೇ ಮರಳು ಬಣ್ಣದ ಪೆಟ್ಟಿಗೆಯಲ್ಲಿ ಬೆಲೆ ಹಚ್ಚಿಕೊಂಡು ನಮ್ಮ ಪೇಟೆಗೆ ಮರಳಿ ಬಂದಿದೆ!

ಮರಳಿನ ಬಳಿಕ ಪಾಟಿ. ಪಾಟಿಯ ದೊಡ್ಡ ಗುಣ ಅದರ ಮೇಲೆ ಬರೆಯಬಹುದೆಂಬುದಲ್ಲ, ಅಳಿಸಬಹುದೆಂಬುದು. ಹತ್ತು ಸಲ ತಪ್ಪಿದ 'ಋ'ವನ್ನು ಹನ್ನೊಂದನೆಯ ಸಲ ಸರಿಯಾಗಿ ಬರೆದ ಮಗುವಿನ ಪಾಟಿಯಲ್ಲಿ ಉಳಿಯುವುದು ಆ ಹನ್ನೊಂದನೆಯದು ಮಾತ್ರ. ನೋಟುಬುಕ್ಕಿನಲ್ಲಾದರೋ ಹತ್ತೂ ತಪ್ಪುಗಳು ಕೆಂಪು ಶಾಯಿಯನ್ನು ಹೊತ್ತು ಮನೆಗೆ ಹೋಗುತ್ತವೆ; ತಂದೆ ಮೊದಲು ನೋಡುವುದು ಅವನ್ನೇ. ಐದು-ಆರು ವರ್ಷದ ಕೂಸಿಗೆ ಕೆಂಪು ಶಾಯಿಯ ದರ್ಶನವೇ ಆಗಬಾರದೆಂಬುದು ನನ್ನ ಖಚಿತವಾದ ಅಭಿಪ್ರಾಯ. ಕೆಲವು ಪಾಲಕರು ಪಾಟಿಯೆಂದರೆ ಬಡತನದ ಗುರುತೆಂದು ಭಾವಿಸುತ್ತಾರೆ. ಅವರೊಡನೆ ವಾದಿಸಿ ದಣಿದಿದ್ದೇನೆ.

ಇನ್ನು ಅಂಗೈ. ಅಚ್ಚಗನ್ನಡ ಮಾತುಗಳಲ್ಲಿ ಮಹಾಪ್ರಾಣಗಳು ವಿರಳ. ಮನೆಯಲ್ಲಿ ಕಿವಿಗೆ ಬೀಳದ ಧ್ವನಿಯನ್ನು ಮಗು ಬರವಣಿಗೆಯಲ್ಲಿ ಹೇಗೆ ತಂದೀತು? ಎಂಟನೆಯ ತರಗತಿಗೆ ಬಂದ ಮೇಲೂ 'ಧನ'ಕ್ಕೂ 'ದನ'ಕ್ಕೂ ಭೇದವರಿಯದವರು ಇದ್ದೇ ಇರುತ್ತಾರೆ. ಇದಕ್ಕೆ ನಾನು ಬಲ್ಲ ಉಪಾಯ ಒಂದು ಚಿಟಿಕೆ ಅರಳೆ. ಹತ್ತಿ ಬೆಳೆಯುವ ಸೀಮೆ ನಮ್ಮದು, ಅದಕ್ಕೇನೂ ಕೊರತೆಯಿಲ್ಲ. ಹಿಂಜಿದ ಎಳೆಯನ್ನು ಅಂಗೈಯಲ್ಲಿಟ್ಟು ಬಾಯಿಯ ಮುಂದೆ ಹಿಡಿದು 'ಕ' ಎಂದರೆ ಅದು ಅಲುಗಿತೋ ಇಲ್ಲವೋ ಎಂಬಂತಿರುತ್ತದೆ. 'ಖ' ಎಂದರೆ ಹಾರಿ ಬೀಳುತ್ತದೆ. ಮಕ್ಕಳು ನಕ್ಕು ನಕ್ಕು ಸಾಕಾಗುತ್ತಾರೆ. ಉಸಿರು ಎಂಬುದೇನೆಂದು ವ್ಯಾಕರಣಸೂತ್ರದಿಂದ ನಾನು ಅರ್ಧ ತಾಸು ವಿವರಿಸಿದರೂ ಮುಟ್ಟದ ಅರ್ಥವನ್ನು ಆ ಎಳೆ ಕ್ಷಣದಲ್ಲಿ ಮುಟ್ಟಿಸುತ್ತದೆ. ಕವರ್ಗದಿಂದ ಪವರ್ಗದವರೆಗೆ ಧ್ವನಿ ಗಂಟಲಿನಿಂದ ತುಟಿಗೆ ಇಳಿದು ಬರುವುದನ್ನೂ ಮಕ್ಕಳು ಹೀಗೆಯೇ ತಮ್ಮ ಬಾಯಿಯಲ್ಲಿ ಕಂಡುಕೊಳ್ಳಬಲ್ಲರು.

ಇಲ್ಲೊಂದು ಚರ್ಚೆಯುಂಟು. ೧೯೯೫ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ ಮೊದಲಾಗಿ, ೨೦೦೯-೧೦ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ವ್ಯಾಪಿಸಿದ 'ನಲಿ-ಕಲಿ' ಕ್ರಮದಲ್ಲಿ ಅಕ್ಷರಗಳು ಅ ಆ ಇ ಈ ಎಂದು ಬರುವುದಿಲ್ಲ. ರ, ಗ, ಸ, ದ, ಅ ಎಂದು ಬರುತ್ತವೆ. ನನ್ನ ಸಮವಯಸ್ಕ ಪಂಡಿತರು ಅನೇಕರು ಇದರಿಂದ ಕೆರಳಿದ್ದಾರೆ. ನಾನು ಕೆರಳಿಲ್ಲ. ಐದೇ ಅಕ್ಷರ ಕಲಿತ ಮಗು ಸರ, ಅರಸ, ಗರಗಸ ಎಂದು ಓದಿಬಿಡುತ್ತದೆ. ಓದಬಲ್ಲೆನೆಂಬ ಧೈರ್ಯ ಮೊದಲ ವಾರಗಳಲ್ಲಿಯೇ ಬರುತ್ತದೆ. ಕಣ್ಣಿಗೆ ಆ ಕ್ರಮವಿರಲಿ, ನಾಲಗೆಗೆ ವರ್ಣಮಾಲೆಯ ಕ್ರಮವೂ ಇರಲಿ ಎಂಬುದಷ್ಟೇ ನನ್ನ ಬಿನ್ನಹ. ನಿಘಂಟು ತೆರೆಯುವ ದಿನ ಅದು ಬೇಕಾಗುತ್ತದೆ.

ಒಮ್ಮೆ ಎಂಟನೆಯ ತರಗತಿಗೆ ಒಬ್ಬ ಹುಡುಗ ಬಂದನು. ಪದ್ಯಗಳನ್ನು ರಾಗವಾಗಿ, ತಪ್ಪಿಲ್ಲದೆ ಹೇಳುತ್ತಿದ್ದನು. ಒಂದು ದಿನ ನೋಡಿದರೆ ಅವನು ಹೇಳುತ್ತಿದ್ದ ಪದ್ಯವೊಂದು, ತೆರೆದಿದ್ದ ಪುಟವೊಂದು. ಏಳು ವರ್ಷ ಕಿವಿಯಿಂದಲೇ ಸಾಗಿಬಂದಿದ್ದನು. ಅಷ್ಟು ಸ್ಮರಣಶಕ್ತಿಯುಳ್ಳವನಿಗೆ ಓದು ಬಾರದೆಂದು ಯಾರೂ ಶಂಕಿಸಿರಲಿಲ್ಲ. ಅವನ ನಾಚಿಕೆ ನೋಡಲಾಗದಂಥದು. ಬಾಲಪಾಠವನ್ನು ಅವನ ಕೈಗೆ ಕೊಡುವಂತಿರಲಿಲ್ಲ. ಸಂಜೆ ಅವನನ್ನು ಬಸ್ ನಿಲ್ದಾಣಕ್ಕೆ ಕರೆದೊಯ್ದು ಗಾಡಿಗಳ ಬೋರ್ಡು ಓದಿಸತೊಡಗಿದೆ. 'ಹಾವೇರಿ'ಯಲ್ಲಿ ಬರೀ ಗುಣಿತ, ಒತ್ತಿಲ್ಲ. 'ರಾಣೆಬೆನ್ನೂರಿ'ನಲ್ಲಿ ನಕಾರಕ್ಕೆ ನಕಾರವೇ ಒತ್ತು, ಸಜಾತೀಯ. 'ಬ್ಯಾಡಗಿ'ಯಲ್ಲಿ ಬಕಾರಕ್ಕೆ ಯಕಾರದ ಒತ್ತು, ವಿಜಾತೀಯ. ಮೂರು ಊರ ಹೆಸರುಗಳಲ್ಲಿ ಅಕ್ಷರಕ್ರಮದ ಮೂರು ಮೆಟ್ಟಿಲು! ('ರಾಣೆ'ಯೋ 'ರಾಣಿ'ಯೋ ಎಂಬ ಬೋರ್ಡುಗಳ ಜಗಳವೂ ಅವನಿಗೆ ಅಭ್ಯಾಸವೇ ಆಯಿತು.) ದೀಪಾವಳಿಯ ಹೊತ್ತಿಗೆ ಅವನು ಅಂಗಡಿಯ ಹಲಗೆಗಳನ್ನು ತಾನಾಗಿ ಓದುತ್ತಿದ್ದನು. ಆ ಬಳಿಕ ಈ ಮೂರು ಹೆಸರುಗಳನ್ನು ದಪ್ಪ ರಟ್ಟಿನ ಮೇಲೆ ಬರೆಯಿಸಿ ಎರಡನೆಯ ತರಗತಿಯ ಗೋಡೆಗೆ ತೂಗುಹಾಕಿಸಿದ್ದೇನೆ.

ಮಗುವಿನ ಮನೆಮಾತಿನ ವಿಷಯವಾಗಿಯೂ ಒಂದು ಮಾತು. "ನಮ್ಮ ಮನಿಯಾಗ ಎಮ್ಮಿ ಈದೈತ್ರಿ, ಅಕ್ಕೋರ" ಎಂದು ಮಗು ಓಡಿ ಬಂದು ಹೇಳಿದರೆ, "ಮನಿ ಅಲ್ಲ, ಮನೆ ಅನ್ನು" ಎಂದು ತಡೆಯುವ ಶಿಕ್ಷಕಿಯರುಂಟು. ಆ ಮಗು ಮರುದಿನ ಸುದ್ದಿ ತರುವುದಿಲ್ಲ. ಬ್ಯಾಡಗಿಯಲ್ಲಿ ಒಬ್ಬ ಶಿಕ್ಷಕಿ, "ಹೌದೇನು! ನಿಮ್ಮ ಮನೆಯಲ್ಲಿ ಎಮ್ಮೆ ಈದಿದೆಯೇ? ಕರು ಹೆಣ್ಣೋ ಗಂಡೋ?" ಎಂದು ಕೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಗ್ರಂಥದ ರೂಪ ಕಿವಿಗೆ ಬಿತ್ತು, ಮಾತೂ ಮುಂದುವರಿಯಿತು. ಗ್ರಂಥಸ್ಥ ಭಾಷೆಯ ಪಕ್ಷಪಾತಿಯಾದ ನನ್ನ ಬಾಯಲ್ಲಿ ಇಂಥ ಮಾತು ಬರುವುದೇ ಎಂದು ಯಾರಾದರೂ ಬೆರಗಾದರೆ ಆಗಲಿ.

ಎಣಿಕೆಗೆ ಹುಣಸೆಬೀಜವೇ ಶ್ರೇಷ್ಠ: ಹಿಡಿಗೆ ಹತ್ತು ನಿಲ್ಲುವಷ್ಟು ಚಿಕ್ಕದು. ಎಣಿಸಿ ಕೊಡಬೇಕು, ಎಣಿಸಿ ತೆಗೆದುಕೊಳ್ಳಬೇಕು. ಹೀಗೆ ಸಂಕಲನ ವ್ಯವಕಲನಗಳು ಡಬ್ಬಿ ತೆಗೆದು ಮುಚ್ಚುವುದರೊಳಗೇ ಮುಗಿಯುತ್ತವೆ. ರಾಣೆಬೆನ್ನೂರು ಬೀಜದ ವ್ಯಾಪಾರಕ್ಕೆ ಹೆಸರಾದ ಊರು. ಬಿತ್ತನೆಗೆಂದು ಔಷಧಿ ಲೇಪಿಸಿದ ಬಣ್ಣದ ಬೀಜಗಳು ಮನೆಗಳಲ್ಲಿ ಸಿಗುತ್ತವೆ. ನೋಡಲು ಅಂದ, ಆದರೆ ವಿಷ. ಅವು ತರಗತಿಯ ಹೊಸ್ತಿಲು ದಾಟಬಾರದು.

ಬ್ಯಾಡಗಿಯಲ್ಲಿ ಇನ್ನೊಂದು ನಿತ್ಯವಿಧಿಯುಂಟು. ಮೆಣಸಿನಕಾಯಿಯ ಹಂಗಾಮಿನಲ್ಲಿ ಅನೇಕ ತಾಯಂದಿರು ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ. ಖಾರದ ಸೆರಗು ಹಿಡಿದು ಬಂದ ಕೂಸು ಅದೇ ಕೈಯಿಂದ ಪಾಟಿ ಒರೆಸಿ ಕಣ್ಣು ಉಜ್ಜಿಕೊಂಡರೆ ಆ ದಿನದ ಪಾಠ ಮುಗಿದಂತೆಯೇ. ಆದುದರಿಂದ ಆ ತಿಂಗಳುಗಳಲ್ಲಿ ಪ್ರಾರ್ಥನೆಗಿಂತ ಮೊದಲು ಕೈ ತೊಳೆಯುವುದು. ಪೇಟೆಯ ದಿನಗಳಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಲೆಂದು ಮನೆಯಲ್ಲಿಯೇ ಉಳಿಯುವ ಮಕ್ಕಳೂ ಇದ್ದಾರೆ. ಆ ಶಿಕ್ಷಕಿ ಹಾಜರಿ ತೆಗೆದುಕೊಂಡಾದ ಮೇಲೆ, ಬಾರದ ಮಗುವಿನ ಪಾಟಿಯನ್ನು ಕಪಾಟಿನಿಂದ ತೆಗೆದು, ಆ ದಿನದ ಅಕ್ಷರವನ್ನು ಅದರ ಮೇಲೆ ದಪ್ಪವಾಗಿ ಬರೆದು, ಅದು ಕೂಡುವ ಜಾಗದಲ್ಲಿ ಇಟ್ಟುಬಿಡುತ್ತಾರೆ. ಪಕ್ಕದಲ್ಲಿ ಕುಳಿತವರು ಸಂಜೆಯವರೆಗೆ ಅದನ್ನು ಅಳಿಸಕೂಡದು.